ವಿನಿಮಯದ ಹುದ್ದೆ

ಹಾಸಿಗೆಯ ದೊಡ್ಡ ಹೊದಿಕೆಯನ್ನು ಹಿಂಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಒಂದು ತುದಿಯನ್ನು ನಾನು ಹಿಡಿದಿದ್ದೆ, ಇನ್ನೊಂದನ್ನು ಮಗಳು ಹಿಡಿದಿದ್ದಳು. ಎದುರುಬದುರು ನಿಂತವರು ಇಬ್ಬರೂ ತಂತಮ್ಮ ಬಲಕ್ಕೇ ತಿರುವಿದರೆ ಮಾತ್ರ ನೀರು ಇಳಿಯುತ್ತದೆ. ಅವಳು ನನ್ನ ಕೈಯನ್ನೇ ನೋಡಿಕೊಂಡು ಕನ್ನಡಿಯ ಹಾಗೆ ತಿರುವುತ್ತಿದ್ದಳು. ಹೊದಿಕೆ ಸುಮ್ಮನೆ ಉರುಳುತ್ತಿತ್ತು, ನೀರೆಲ್ಲ ನಮ್ಮ ಕಾಲ ಮೇಲೆ.

“ನಿನ್ನ ಬಲಕ್ಕೆ ಕಣೇ.”

“ನಿನ್ನ ಬಲ ನನಗೆ ಎಡ ಯಾಕಾಗುತ್ತೆ?”

“ಮೊದಲು ಹಿಂಡು, ಆಮೇಲೆ ಹೇಳ್ತೀನಿ.”

“ಯಾವಾಗ್ಲೂ ಆಮೇಲೆ ಅಂತೀಯಾ. ಯಾಕೆ?”

ನನ್ನ ತಮ್ಮ ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟಿದ್ದಾನೆ. ಮೂರನೇ ತರಗತಿಯ ಹುಡುಗಿ. ಎದ್ದಾಗಿನಿಂದ ಮಲಗುವ ತನಕ ಬಾಯಲ್ಲಿ ಅದೊಂದೇ ಮಾತು. ಶಾಲೆಯ ಟೀಚರು ಕೂಡ ಸುಸ್ತಾಗಿ, “ನನ್ನ ತಾಯಿ, ಇವತ್ತಿಗೆ ಸಾಕು” ಎನ್ನುತ್ತಾರಂತೆ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಒಳಗಿನಿಂದ ಅತ್ತೆಯ ಧ್ವನಿ: “ಹಾಲಿನವನು ಆಗ್ಲೇ ಬಂದು ಹೋದ. ಇದ್ಯಾರು ಇಷ್ಟೊತ್ತಿಗೆ?”

ಬಾಗಿಲು ತೆರೆದದ್ದು ನನ್ನ ಗಂಡ. ಅರ್ಧ ಮುಖಕ್ಕೆ ಶೇವಿಂಗ್ ನೊರೆ. ತೆರೆದವರು ಹಾಗೇ ನಿಂತುಬಿಟ್ಟರು. ಆಚೆ ನಿಂತಿದ್ದವರು ಇವರ ಕಚೇರಿಯ ನಿರ್ದೇಶಕರು. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕೊಡೆ, ಕೈಯಲ್ಲೊಂದು ಕಾಗದದ ಚೀಲ. ನಡೆದೇ ಬಂದಿದ್ದರು. ಸ್ವಂತ ಕೆಲಸಕ್ಕೆ ಅವರು ಕಚೇರಿಯ ಕಾರು ಹತ್ತಿದ್ದನ್ನು ನಾನು ಯಾವತ್ತೂ ನೋಡಿಲ್ಲ.

“ಏನ್ರೀ, ಒಳಗೆ ಕರೆಯೋಲ್ವಾ? ಮೊದಲು ಮುಖ ತೊಳ್ಕೊಳ್ಳಿ. ನೊರೆಯೊಳಗಿಂದ ಇಣುಕಿ ನೋಡ್ತಿದ್ದೀರಿ.”

ಇವರು ಮುಖ ತೊಳೆಯಲು ಓಡಿದರು. ಅತ್ತೆ ಕುರ್ಚಿ ಎಳೆದು ಹಾಕಿ, “ಕೂತ್ಕೊಳ್ಳಪ್ಪಾ. ಬೇಡ ಅನ್ನೋ ಆಫೀಸಿನ ಯಜಮಾನರು ನಮ್ಮನೇಲಿ ಟೀ ಆದ್ರೂ ಕುಡೀತೀರೋ, ಅದಕ್ಕೂ ಬೇಡ ಅಂತೀರೋ?” ಎಂದರು.

ಅತ್ತೆಯ ಬಾಯಲ್ಲಿ ಅದು ‘ಬೇಡ ಅನ್ನೋ ಆಫೀಸು’. ಹೊರಗಿನ ಫಲಕದಲ್ಲಿ ಇರುವುದು ಸರ್ಕಾರಿ ಸದಾಚಾರ ಕಚೇರಿ ಎಂದು. ಸರ್ಕಾರದ ಅಧಿಕಾರಿಗಳು ಯಾರಿಂದ ಏನು ತೆಗೆದುಕೊಳ್ಳಬಹುದು, ಏನು ತೆಗೆದುಕೊಳ್ಳಬಾರದು, ನಿವೃತ್ತರಾದ ಮೇಲೆ ಯಾವ ಕಂಪನಿಗೆ ಸೇರಬಹುದು ಎಂದು ಹೇಳುವ ಜಾಗ. ಕೆಲವು ದೇಶಗಳು ಸೇರಿ ಇದಕ್ಕೊಂದು ಏರ್ಪಾಡು ಮಾಡಿಕೊಂಡಿವೆ. ಅವರ ಕಚೇರಿಯನ್ನು ನಮ್ಮವರು ಹೋಗಿ ನೋಡುವುದು, ನಮ್ಮ ಕಚೇರಿಯನ್ನು ಅವರು ಬಂದು ನೋಡುವುದು, ನೋಡಿದ್ದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸುವುದು. ಈ ವಾರ ಬಂದವರು ಚಳಿದೇಶದವರು. ಅವರ ಜೊತೆ ಇನ್ನೊಂದು ಒಪ್ಪಂದವೂ ಇತ್ತು. ನಮ್ಮ ಅಧಿಕಾರಿಯೊಬ್ಬರು ಒಂದು ವರ್ಷ ಅವರ ಕಚೇರಿಯಲ್ಲಿ ಕೆಲಸ ಮಾಡಬೇಕು, ಮನೆಯವರನ್ನೂ ಕರೆದುಕೊಂಡು ಹೋಗಬಹುದು. ಆ ವಿನಿಮಯದ ಹುದ್ದೆಗೆ ಇವರ ಹೆಸರು ಕೇಳಿಬರುತ್ತಿತ್ತು. ನಮ್ಮ ಮನೆಯಲ್ಲಿ ಮಾತೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ನಿರ್ದೇಶಕರು ಟೀಯನ್ನು ಬೇಡ ಎನ್ನಲಿಲ್ಲ. ಇವರು ಬಂದು ಎದುರು ಕುಳಿತ ಮೇಲೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು:

“ಯಾರ್‍ಯಾರನ್ನ ಒಬ್ಬೊಬ್ಬರಾಗಿ ಪ್ರಶ್ನೆ ಕೇಳ್ಬೇಕು ಅಂತ ಅತಿಥಿಗಳು ಚೀಟಿ ಎತ್ತಿ ಹೆಸರು ಆರಿಸಿದ್ದಾರೆ. ನಾಳೆ ಬೆಳಿಗ್ಗೆ ನೀವು. ಬಾಗಿಲು ಹಾಕ್ಕೊಂಡು ಕೂರ್ತಾರೆ, ದುಭಾಷಿ ಅವರ ಕಡೆಯವನೇ. ನಾನು ಆ ಕಡೆ ಸುಳಿಯೋ ಹಾಗಿಲ್ಲ.”

“ಗೊತ್ತು ಸರ್. ಕ್ರಮಾನೇ ಹಾಗಲ್ವಾ.”

“ಆ ಕ್ರಮ ಬರೆದವರಲ್ಲಿ ನಾನೂ ಒಬ್ಬ ಕಣ್ರೀ.” ನಿರ್ದೇಶಕರು ನಕ್ಕರು, ಆದರೆ ನಗು ಕಣ್ಣಿನ ತನಕ ಬರಲಿಲ್ಲ. “ಆ ಬಂದರಿನ ವಿಷಯ ಮುಗಿದುಹೋದ ಕಥೆ. ಮನೆ ಜಗಳ ತಗೊಂಡು ಹೋಗಿ ಹೊರಗಿನವರ ಮುಂದೆ ಹರಡೋದರಿಂದ ಯಾರಿಗೇನು ಲಾಭ ಹೇಳಿ? ದೇಶದ ಹೆಸರೂ ಇದೆ. ನಾಳೆ ನೀವು ಮಾತಾಡಿದ್ದು ಅಚ್ಚಾಗುತ್ತೆ.”

ಇವರು ನೆಲ ನೋಡುತ್ತಿದ್ದರು.

“ಹುದ್ದೆಗೆ ನಿಮ್ಮ ಹೆಸರನ್ನೇ ಕಳಿಸಿದ್ದೀನಿ. ಮಂತ್ರಿಗಳ ಸಹಿ ಒಂದು ಬಾಕಿ. ಅತಿಥಿಗಳು ಹೊರಟ ಮೇಲೆ ಅದೂ ಆಗಿಬಿಡುತ್ತೆ.”

ಹೊರಟ ಮೇಲೆ ಎನ್ನುವುದನ್ನು ಅವರು ಒತ್ತಿ ಹೇಳಲಿಲ್ಲ. ಒತ್ತುವ ಅಗತ್ಯವಿರಲಿಲ್ಲ. ಹಿಂಡದ ಹೊದಿಕೆಯ ತನ್ನ ತುದಿಯನ್ನು ಇನ್ನೂ ಹಿಡಿದುಕೊಂಡೇ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ ಮಗಳನ್ನು ಅವರು ಆಗ ಕಂಡರು. “ಬಾ ಪುಟ್ಟಾ ಇಲ್ಲಿ. ನಿನಗೇ ತಂದಿದ್ದು” ಎಂದು ಚೀಲದಿಂದ ಒಂದು ಉಣ್ಣೆಯ ಟೋಪಿ ತೆಗೆದರು. ಕೆಂಪು ಬಣ್ಣ, ಕಿವಿ ಮುಚ್ಚುವ ಹಾಗೆ ಎರಡು ಕಡೆ ಇಳಿಬಿಟ್ಟ ಪಟ್ಟಿ. “ಅಲ್ಲಿ ಹಿಮ ಬೀಳುತ್ತೆ, ಗೊತ್ತಾ?”

ಮಗಳು ಟೋಪಿಯ ಕಡೆ ಕೈ ಚಾಚಲಿಲ್ಲ. ಅಪ್ಪನ ಮುಖ ನೋಡಿದಳು. ಅವಳು ಯಾಕೆ ನೋಡುತ್ತಿದ್ದಾಳೆಂದು ನನಗೂ ಗೊತ್ತು, ಇವರಿಗೂ ಗೊತ್ತು. ನಮ್ಮ ಮನೆಯಲ್ಲಿ ಇವರ ಕೆಲಸಕ್ಕೆ ಸಂಬಂಧಪಟ್ಟವರು ಏನು ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಹಿಂದಿನ ವರ್ಷ ಒಬ್ಬ ಗುತ್ತಿಗೆದಾರರ ಮಗಳು ನಮ್ಮ ಹುಡುಗಿಯ ಹುಟ್ಟುಹಬ್ಬಕ್ಕೆ ಕೊಟ್ಟ ಬಣ್ಣದ ಪೆಟ್ಟಿಗೆಯನ್ನು ಇವರು ನಮ್ಮವಳ ಕೈ ಹಿಡಿದುಕೊಂಡು ಹೋಗಿ ವಾಪಸ್ಸು ಕೊಡಿಸಿದ್ದರು. ಅವಳು ದಾರಿಯುದ್ದಕ್ಕೂ ಅತ್ತಿದ್ದಳು. ಆಮೇಲೆ ಅಪ್ಪನಿಗಿಂತ ಅವಳೇ ಕಟ್ಟುನಿಟ್ಟಾದಳು. ಪಕ್ಕದ ಮನೆಯಾಕೆ ಮಿಠಾಯಿ ಕೊಟ್ಟರೂ “ಆಂಟಿ, ನಿಮಗೆ ಸರ್ಕಾರದಲ್ಲಿ ಏನಾದ್ರೂ ಕೆಲಸ ಆಗ್ಬೇಕಾ?” ಎಂದು ಕೇಳಿ ನಮ್ಮ ಮಾನ ತೆಗೆಯುತ್ತಿದ್ದಳು.

ಈಗ ಅಪ್ಪನ ಬಾಯಿಂದ ‘ಬೇಡ’ ಬರುವುದನ್ನೇ ಅವಳು ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ.

“ಥ್ಯಾಂಕ್ಸ್ ಹೇಳಮ್ಮ” ಎಂದರು ಇವರು.

ನಿರ್ದೇಶಕರು ತಾವೇ ಅವಳ ತಲೆಗೆ ಟೋಪಿ ಹಾಕಿದರು. ಅದು ಕಣ್ಣಿನ ತನಕ ಇಳಿಯಿತು. ಅತ್ತೆ ನಕ್ಕರು. ಮಗಳು ನಗಲಿಲ್ಲ, ಯಾಕೆ ಎಂದೂ ಕೇಳಲಿಲ್ಲ.

ಬಂದರಿನ ಕಥೆ ಹೀಗೆ. ಬಂದರು ಇಲಾಖೆಯ ಕಾರ್ಯದರ್ಶಿಯಾಗಿದ್ದವರು ತಮ್ಮ ಕಾಲದಲ್ಲಿ ಒಂದೇ ಕಂಪನಿಯಿಂದ ಕ್ರೇನುಗಳನ್ನು ಕೊಳ್ಳಲು ಆದೇಶ ಮಾಡಿದ್ದರು. ನಿವೃತ್ತರಾದ ಕೂಡಲೇ ಅದೇ ಕಂಪನಿಯಲ್ಲಿ ದೊಡ್ಡ ಹುದ್ದೆಗೆ ಸೇರಲು ಹೊರಟರು. ಸೇರಬಹುದೇ ಎಂಬ ಪ್ರಶ್ನೆ ಇವರ ಮೇಜಿಗೆ ಬಂತು. ನಿಯಮ ಹೇಳುವಂತೆ ನಡುವೆ ಕೆಲವು ವರ್ಷ ಬಿಡಬೇಕು. ಇವರು ಕೂಡದು ಎಂದು ಬರೆದರು. ನಿರ್ದೇಶಕರು ಕರೆದು, “ಸ್ವಲ್ಪ ಮೆತ್ತಗೆ ಬರೀರಿ” ಎಂದರಂತೆ. ಕೂಡದು ಎಂಬುದನ್ನು ಮೆತ್ತಗೆ ಬರೆಯುವುದು ಹೇಗೆಂದು ಇವರಿಗೆ ತಿಳಿಯಲಿಲ್ಲ. ಒಂದೆರಡು ವಾರದಲ್ಲಿ ಇನ್ನೊಬ್ಬ ಅಧಿಕಾರಿ ಅಡ್ಡಿಯಿಲ್ಲ ಎಂದು ಬರೆದುಕೊಟ್ಟ. ಕಾರ್ಯದರ್ಶಿ ಕಂಪನಿ ಸೇರಿದರು. ಇವರನ್ನು ಸಲಹೆಯ ಮೇಜಿನಿಂದ ಎಬ್ಬಿಸಿ ತರಬೇತಿ ವಿಭಾಗಕ್ಕೆ ಹಾಕಿದರು. ಅಲ್ಲಿ ಇವರು ಗೋಡೆಗೆ ಅಂಟಿಸುವ ಚಿತ್ರಪಟಗಳನ್ನು ಮಾಡಿಸುತ್ತಿದ್ದರು. ಬೇಡ ಎಂದು ಎತ್ತಿದ ಒಂದು ದೊಡ್ಡ ಅಂಗೈ, ಕೆಳಗೆ ಘೋಷಣೆ.

“ಹೇಳೋಕೆ ಬಿಡಲ್ಲ, ಅಂಟಿಸೋಕೆ ಬಿಡ್ತಾರೆ” ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ಆಮೇಲೆ ಆ ಮಾತೆತ್ತಿರಲಿಲ್ಲ.

ನಿರ್ದೇಶಕರನ್ನು ಕೆಟ್ಟವರೆಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಮಾವನವರು ಆಸ್ಪತ್ರೆಯಲ್ಲಿದ್ದಾಗ ದಿನವೂ ಬಸ್ಸು ಹತ್ತಿ ಬಂದು ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದವರು ಅವರು. ಬೇಡ ಎಂದು ಹೇಗೆ ಹೇಳಬೇಕೆಂದು ಇವರಿಗೆ ಕಲಿಸಿದವರೂ ಅವರೇ. ಬಂದರಿನ ಕಾಗದಕ್ಕೆ ಅವರ ಮೇಲೆ ಎಲ್ಲಿಂದ ಒತ್ತಡ ಬಂತೋ, ಯಾರು ಏನು ಹೇಳಿದರೋ.

ಶಾಲೆಗೆ ಹೋಗುವಾಗ ದಾರಿ ಅಗೆದಿದ್ದರು. ದೊಡ್ಡದೊಂದು ಯಂತ್ರ ಕೊಕ್ಕು ಎತ್ತಿ ಮಣ್ಣು ಸುರಿಯುತ್ತಿತ್ತು. ಬೇರೆ ದಿನವಾಗಿದ್ದರೆ ಅದರ ಮುಂದೆ ನಾವು ಬೇರು ಬಿಡುತ್ತಿದ್ದೆವು. ಅವತ್ತು ಮಗಳು ಅದನ್ನು ನೋಡಿದಳು, ದಾಟಿ ಮುಂದೆ ನಡೆದಳು.

“ಏನೇ, ಸುಮ್ನಿದ್ದೀಯಾ?”

“ಏನಿಲ್ಲ.”

“ಟೋಪಿ ಚೆನ್ನಾಗಿಲ್ವಾ?”

“ಚೆನ್ನಾಗಿದೆ.” ಸ್ವಲ್ಪ ದೂರ ಹೋದ ಮೇಲೆ, “ಚುಚ್ಚುತ್ತೆ” ಎಂದಳು.

ನಾನು ಮತ್ತೆ ಕೇಳಲಿಲ್ಲ. ಈ ಹುಡುಗಿಯ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಎಳೆದು ತೆಗೆಯಲು ಹೋಗಬಾರದು. ಎಳೆದರೆ ಒಳಗೇ ಹೋಗುತ್ತದೆ. ಕಾಯಬೇಕು.

ಶಾಲೆಯ ಗೇಟಿನಲ್ಲಿ ಟೀಚರು ಸಿಕ್ಕರು. “ನಿಮ್ಮ ಮಗಳು ಹಿಮದ ದೇಶಕ್ಕೆ ಹೊರಟಿದ್ದಾಳಂತೆ, ಇಡೀ ತರಗತಿಗೇ ಸುದ್ದಿ. ಕಿಟಕಿ ಪಕ್ಕದ ತನ್ನ ಜಾಗಾನ ಆಗ್ಲೇ ಗೆಳತಿಗೆ ಬಿಟ್ಟುಕೊಟ್ಟಿದ್ದಾಳೆ. ಇವಳು ಹೋದ್ರೆ ನನ್ನ ತರಗತಿ ಬಿಕೋ ಅನ್ನುತ್ತೆ ನೋಡಿ.”

ಮಗಳು ಚೀಲ ಬಿಗಿಯಾಗಿ ಹಿಡಿದುಕೊಂಡು ಒಳಗೆ ನಡೆದುಬಿಟ್ಟಳು. ಅವಳು ಎಷ್ಟು ಜನರಿಗೆ ಏನೇನು ಹೇಳಿಕೊಂಡಿದ್ದಾಳೋ ಎಂದುಕೊಂಡೆ. ಅವಳನ್ನು ಅಂದು ಏನು ಪ್ರಯೋಜನ? ದಪ್ಪ ಕೋಟುಗಳನ್ನು ಮಾರುವ ಅಂಗಡಿಯ ಗಾಜಿನ ಮುಂದೆ ನಾನೇ ನಿಂತು ಬಂದಿದ್ದೆ. ಅಂಗಡಿಯವನು “ಎಲ್ಲಿಗಮ್ಮಾ ಪ್ರಯಾಣ?” ಎಂದು ಕೇಳಿದಾಗ ದೇಶದ ಹೆಸರು ಹೇಳಿ ಹಿಗ್ಗಿದ್ದೆ.

ಮನೆಗೆ ಬಂದರೆ ಇವರ ಕನ್ನಡಕ ಟೀಪಾಯಿಯ ಮೇಲೆ. ಬೆಳಗಿನ ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದರು. “ಅದಿಲ್ದೆ ಅವನು ಅವನ ಕೈಯನ್ನೇ ಗುರುತು ಹಿಡಿಯಲ್ಲ. ಕೊಟ್ಟು ಬಾ ಹೋಗು” ಎಂದರು ಅತ್ತೆ. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಿದ್ದೆ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗಳನ್ನೂ ಕರೆದುಕೊಂಡು ಕಚೇರಿಗೆ ಹೋದೆ.

ಅಲ್ಲಿ ಎಲ್ಲರ ಕಾಲಿಗೂ ಚಕ್ರ ಬಂದಿತ್ತು. ಕೋಣೆಯಿಂದ ಕೋಣೆಗೆ ಜನ ಅರ್ಧ ಓಡುತ್ತ ಅರ್ಧ ನಡೆಯುತ್ತ ಹೋಗುತ್ತಿದ್ದರು. ಮೊಗಸಾಲೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಜವಾನ ಅದರ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದ.

“ಇದೇನಣ್ಣಾ, ಮದುವೆ ಮನೆ ಥರ?”

“ಅಯ್ಯೋ ಅಕ್ಕಾ, ಅತಿಥಿಗಳಿಗೆ ಅಂತ ತರಿಸಿದ್ದು. ಮರದ ಕೆತ್ತನೆ, ಒಳ್ಳೆ ಮಾಲು. ಬಂದ ದಿನಾನೇ ಕೊಟ್ರೆ ಅವರಲ್ಲಿ ಮುಖ್ಯ ಇರೋ ಯಮ್ಮ ನಕ್ಕುಬಿಟ್ರು. ‘ಉಡುಗೊರೆ ತಗೋಬಾರದು ಅಂತ ಹೇಳೋ ಆಫೀಸನ್ನ ನೋಡೋಕೆ ಬಂದಿದ್ದೀವಿ, ನಮಗೇ ಉಡುಗೊರೆನಾ’ ಅಂದ್ರಂತೆ. ಯಾರ ತಲೆಗೂ ಹೊಳೆದಿಲ್ಲ ನೋಡಿ. ಸದಾಚಾರದ ಆಫೀಸಲ್ಲಿ ಇಷ್ಟು ಜನ ಓದಿದವರು ಕೂತು, ಯಾವ ಬಣ್ಣದ ಕಾಗದ ಸುತ್ತಬೇಕು ಅಂತ ಮೀಟಿಂಗ್ ಮಾಡಿದ್ರು! ಈಗ ಇದನ್ನ ಕಾಯೋಕೆ ನಾನು.” ಅವನು ದನಿ ತಗ್ಗಿಸಿದ. “ಕುಡಿಯೋ ನೀರನ್ನೂ ಅವರೇ ತಂದ್ಕೋತಾರೆ.”

ಹೇಳುತ್ತಿದ್ದ ಹಾಗೆಯೇ ಆ ಹೆಂಗಸು ಕೋಣೆಯಿಂದ ಹೊರಗೆ ಬಂದರು. ಅತ್ತೆಯ ವಯಸ್ಸಿಗೆ ಸ್ವಲ್ಪ ಕಡಿಮೆ. ತುಂಡು ಬಿಳಿಕೂದಲು, ಚಪ್ಪಟೆ ಬೂಟು, ಕೈಯಲ್ಲಿ ಸ್ವಂತ ಫ್ಲಾಸ್ಕು. ಹಿಂದೆ ಯುವಕ ದುಭಾಷಿ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಹೇಳುವುದು ಸರಿಯೋ ತಪ್ಪೋ ನನಗೂ ಗೊತ್ತಾಗಲಿಲ್ಲ. ಮಗಳನ್ನು ಕಂಡು ಅವರು ನಿಂತರು, ಮೊಣಕಾಲೂರಿ ಅವಳ ಎತ್ತರಕ್ಕೆ ಇಳಿದರು. ಏನೋ ಕೇಳಿದರು.

“ನಾವು ಬಂದಾಗಿನಿಂದ ಎಲ್ಲರನ್ನೂ ಬರೀ ಪ್ರಶ್ನೆ ಕೇಳ್ತಾ ಇದ್ದೀವಿ” ಎಂದು ದುಭಾಷಿ ನಮ್ಮ ಭಾಷೆಯಲ್ಲಿ ಹೇಳಿದ. “ನಮ್ಮನ್ನ ಯಾರೂ ಏನೂ ಕೇಳಿಲ್ಲ. ನೀನು ಏನಾದ್ರೂ ಕೇಳ್ತೀಯಾ ಅಂತಿದ್ದಾರೆ.”

ಹಿಮ ಹೇಗಿರುತ್ತದೆ, ಅಲ್ಲಿ ಶಾಲೆಗೆ ಹೇಗೆ ಹೋಗುತ್ತಾರೆ, ಆ ಮಕ್ಕಳಿಗೆ ನಮ್ಮ ಮಾತು ಬರುತ್ತದೆಯೇ ಎಂದು ತಿಂಗಳಿಂದ ನನ್ನ ಪ್ರಾಣ ತಿಂದವಳು. ಕೇಳುವುದಕ್ಕೆ ಸರಿಯಾದ ಮನುಷ್ಯರೇ ಮಂಡಿಯೂರಿ ಎದುರು ಕುಳಿತಿದ್ದಾರೆ. ಅವಳ ತುಟಿ ಅಲುಗಿತು. ಆಮೇಲೆ ಇಲ್ಲ ಎಂದು ತಲೆ ಆಡಿಸಿ ನನ್ನ ಸೆರಗಿನ ಹಿಂದೆ ಸರಿದಳು.

“ಇವಳು ಯಾಕೆ ಅಂತ ಕೇಳದೆ ಇರೋದು ನಾನು ಇವತ್ತೇ ನೋಡಿದ್ದು” ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

ದುಭಾಷಿ ಹೇಳಿದ್ದನ್ನು ಕೇಳಿ ಆ ಹೆಂಗಸು ನಗಲಿಲ್ಲ. ಮಗಳ ಮುಖವನ್ನು ಇನ್ನೊಂದು ಸಲ ನೋಡಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದು ಹೋದರು.

ಕನ್ನಡಕ ತೆಗೆದುಕೊಳ್ಳಲು ಇವರು ಹೊರಗೆ ಬಂದಾಗ ಹಣೆ ಬೆವರುತ್ತಿತ್ತು. “ಅವರ ಜೊತೆ ಮಾತಾಡಿದ್ಯಾ? ಏನು ಕೇಳಿದ್ರು? ನೀನೇನಂದೆ?” ಎಂದು ಒಂದೇ ಉಸಿರಿನಲ್ಲಿ ಕೇಳಿದರು.

“ಏನೂ ಇಲ್ಲ ರೀ. ಮಗೂನ ಮಾತಾಡಿಸಿದ್ರು ಅಷ್ಟೇ.”

“ಸರಿ ಸರಿ. ಬೇಗ ಮನೆಗೆ ಹೋಗಿ.” ಸುತ್ತ ನೋಡಿದರು. ನನ್ನ ಗಂಡ ಕಳ್ಳನ ಹಾಗೆ ಸುತ್ತ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಆ ಸಂಜೆ ಇವರು ಬೇಗ ಬಂದರು. ಬಂದವರು ಕೂರಲಿಲ್ಲ. ಮರುದಿನದ ಅಂಗಿಗೆ ಇಸ್ತ್ರಿ ಹಾಕಿದರು, ಗೆರೆ ಸರಿಯಿಲ್ಲವೆಂದು ಮತ್ತೆ ಹಾಕಿದರು. ಹಿಂದಿನ ವಾರವೆಲ್ಲ ಸಂಜೆ ಹೊತ್ತು ಅಪ್ಪ ಮಗಳಿಗೆ ಒಂದು ಆಟವಾಗಿತ್ತು. ಅವಳು ಅಜ್ಜಿಯ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಪರದೇಶದ ಅಧಿಕಾರಿಯಾಗುತ್ತಿದ್ದಳು. “ನಿಮ್ಮ ಕಚೇರಿಯಲ್ಲಿ ಕಳ್ಳರು ಇದ್ದಾರಾ?” ಎಂದು ಮೂಗಿನಲ್ಲಿ ಕೇಳುತ್ತಿದ್ದಳು. ಇವರು ಎದ್ದು ನಿಂತು, “ಒಬ್ಬ ಇದ್ದಾನೆ ಮೇಡಂ, ದಿನಾ ನನ್ನ ಪೆನ್ನು ಕದೀತಾನೆ” ಎನ್ನುತ್ತಿದ್ದರು. ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವತ್ತು ಇವರೇ ಕರೆದರು. “ಬಾಮ್ಮ, ಅಧಿಕಾರಿ ಮೇಡಂ, ನನ್ನನ್ನ ಏನಾದ್ರೂ ಕೇಳು.”

ಮಗಳು ಮೇಜಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ತಲೆ ಎತ್ತದೆ, “ಬೇಡ” ಎಂದಳು.

“ಯಾಕೆ?”

“ಸುಮ್ನೆ.”

“ಏನೋ ಇದು,” ಅತ್ತೆ ಮಗನನ್ನು ಗದರಿಸಿದರು, “ಇವಳು ಸುಮ್ನೆ ಅಂತಾಳೆ, ನೀನು ಯಾಕೆ ಅಂತೀಯಾ. ಈ ಮನೇಲಿ ಇವತ್ತು ಎಲ್ಲಾ ತಲೆಕೆಳಗು.”

ಇವರು ನಗಲು ಪ್ರಯತ್ನಿಸಿ ಅಡುಗೆಮನೆಗೆ ಬಂದರು. ನಾನು ತರಕಾರಿ ಹೆಚ್ಚುತ್ತಿದ್ದೆ. ಪಕ್ಕದಲ್ಲಿ ನಿಂತು ನೀರು ಕುಡಿದರು. ಬಾಯಾರಿಕೆ ಇಲ್ಲದಿದ್ದರೂ ಇನ್ನೊಂದು ಲೋಟ ಕುಡಿದರು.

“ಕೇಳಿಯೇ ಕೇಳ್ತಾರೆ” ಎಂದರು. “ಎಲ್ಲರನ್ನೂ ಅದನ್ನ ಕೇಳ್ತಿದ್ದಾರಂತೆ. ನೀವು ಕೊಟ್ಟ ಸಲಹೇನ ಯಾರಾದ್ರೂ ಬದಲಿಸು ಅಂದಿದ್ರಾ ಅಂತ.”

“ಏನು ಹೇಳ್ತೀರಿ?”

“ನೆನಪಿಲ್ಲ ಅಂತೀನಿ.” ಲೋಟವನ್ನು ಕೆಳಗಿಟ್ಟರು. “ಸುಳ್ಳು ಹೇಳಿದ ಹಾಗೂ ಆಗಲ್ಲ.”

ಈಳಿಗೆಯ ಮೇಲೆ ನನ್ನ ಕೈ ನಿಂತಿತು. ಇವರಿಗೆ ಇಪ್ಪತ್ತು ವರ್ಷದ ಹಿಂದಿನ ನಿಯಮದ ಉಪನಿಯಮವೂ ನೆನಪಿರುತ್ತದೆ. ನಾನು ಮತ್ತೆ ಹೆಚ್ಚತೊಡಗಿದೆ.

“ಏನಾದ್ರೂ ಹೇಳೇ.”

“ಹೇಳಿಬಿಟ್ರೆ ಏನಾಗುತ್ತೆ?”

“ಹುದ್ದೆ ಹೋಗುತ್ತೆ. ಅದು ಖಂಡಿತ. ಆಮೇಲೆ ಇನ್ನೆಲ್ಲಿಗಾದ್ರೂ ಎತ್ತಿ ಹಾಕ್ತಾರೆ. ನಿರ್ದೇಶಕರ ಕುರ್ಚಿಗೂ ಅಪಾಯ. ಅವರಿಗೆ ನಿವೃತ್ತಿಗೆ ಎಷ್ಟು ದಿನ ಇದೆ? ಅವರು ನನಗೆ...” ಲೋಟವನ್ನು ಬೋರಲು ಹಾಕಿದರು. “ಇನ್ನೊಂದು ಕಡೆ, ನಾನು ಹೇಳ್ಲಿಲ್ಲ ಅಂದ್ರೆ ಇನ್ಯಾರು ಹೇಳ್ತಾರೆ? ಈ ಏರ್ಪಾಡೇ ಅದಕ್ಕೆ ಇರೋದು. ನಮ್ಮ ಮನೇಲಿ ನಾವು ಹೇಳೋಕಾಗದೆ ಇರೋದನ್ನ ಹೊರಗಿನವರು ಬಂದು ಕೇಳಲಿ ಅಂತ.” ಕಿಟಕಿಯಾಚೆ ನೋಡಿದರು. “ಹಾಸ್ಯ ನೋಡು. ಬಾಯಿ ಮುಚ್ಕೊಂಡಿದ್ರೆ, ಬಾಯಿ ಬಿಟ್ಟು ಮಾತಾಡೋದು ಹೇಗೆ ಅಂತ ಕಲಿಯೋಕೆ ನನ್ನನ್ನ ಅವರ ದೇಶಕ್ಕೆ ಕಳಿಸ್ತಾರೆ.”

“ಹಾಸ್ಯ ಅಂತ ಗೊತ್ತಿದ್ದೂ...”

“ನಿನಗೆ ಹೋಗೋ ಆಸೆ ಇಲ್ವಾ?”

ಇಲ್ಲ ಎಂದಿದ್ದರೆ ಎಷ್ಟು ಸುಲಭವಿತ್ತು. “ಇದೆ” ಎಂದೆ. “ತುಂಬಾ ಇದೆ. ಸುಳ್ಳು ಯಾಕೆ ಹೇಳ್ಲಿ?”

“ಅವಳಿಗೆ?”

“ಅವಳು ತರಗತೀಲಿ ತನ್ನ ಜಾಗಾನೇ ಬಿಟ್ಟುಕೊಟ್ಟಿದ್ದಾಳೆ.”

ಇವರು ಕಣ್ಣು ಮುಚ್ಚಿದರು. “ಹಾಗಾದ್ರೆ ಆಯ್ತಲ್ಲ” ಎಂದರು. “ಅವಳ ಸಲುವಾಗಿ ಆದ್ರೂ ಆಯ್ತಲ್ಲ.” ನನ್ನ ಒಪ್ಪಿಗೆ ಕೇಳುತ್ತಿದ್ದರೋ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದರೋ. ನಾನು ತಲೆ ಆಡಿಸಲೂ ಇಲ್ಲ, ಆಡಿಸದೆ ಇರಲೂ ಇಲ್ಲ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಗಳು ಪೆನ್ಸಿಲ್ ಚೂಪು ಮಾಡುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಪೆನ್ಸಿಲ್ಲು ಬೆರಳುದ್ದವಾಗಿತ್ತು, ಸಿಪ್ಪೆ ಅವಳ ಕಾಲ ಬಳಿ ಸಣ್ಣ ಗುಡ್ಡೆಯಾಗಿತ್ತು.

“ಹಸಿವಾಯ್ತಾ?” ಎಂದೆ.

“ಇಲ್ಲ.”

ಊಟದಲ್ಲಿ ಅವಳು ಅನ್ನವನ್ನು ಅತ್ತಿಂದಿತ್ತ ತಳ್ಳಿದಳು. ಅತ್ತೆ ಹಣೆ ಮುಟ್ಟಿ ನೋಡಿದರು. ಬಿಸಿಯಿರಲಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಇವರು ಸ್ನಾನ ಮಾಡಿ ಸಿದ್ಧರಾಗಿದ್ದರು. ತಿಂಡಿ ಮುಟ್ಟಲಿಲ್ಲ. ಬಾಗಿಲ ತನಕ ಹೋದರು, ಪರ್ಸು ಮರೆತಿದೆಯೆಂದು ಬಂದರು. ಪರ್ಸು ಜೇಬಿನಲ್ಲೇ ಇತ್ತು. ಮತ್ತೆ ಹೋದರು. ಬೂಟಿನ ಲೇಸು ಸಡಿಲವೆಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತರು. ಕಟ್ಟಿದರು, ಬಿಚ್ಚಿದರು, ಕಟ್ಟಿದರು. ಕೆಳಗೆ ರಸ್ತೆಯಲ್ಲಿ ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮುತ್ತಲೇ ಇತ್ತು.

“ಹೊರಡೋ ಮಾರಾಯ, ನಿನ್ನ ನೋಡಿದ್ರೆ ನನಗೇ ಎದೆ ಹೊಡ್ಕೊಳ್ತಿದೆ” ಎಂದರು ಅತ್ತೆ. “ಹೋಗಿ ಕೇಳಿದ್ದಕ್ಕೆ ಹೂಂ ಊಹೂಂ ಅಂದು ಬಾ. ಬಂದ ಮೇಲೆ ಹಿಮದ ಊರಿಗೆ ಗಂಟು ಮೂಟೆ ಕಟ್ಟೋಣ. ನನ್ನನ್ನೂ ಕರ್ಕೊಂಡು ಹೋಗ್ತೀರೋ, ಇಲ್ಲೇ ಬಿಟ್ಟು ಹೋಗ್ತೀರೋ, ಅದನ್ನ ಆಮೇಲೆ ನೋಡೋಣ.”

ಇವರು ಇನ್ನೊಂದು ಬೂಟಿನ ಲೇಸಿಗೆ ಕೈ ಹಾಕಿದರು.

ನಾನು ಮಗಳ ತಲೆ ಬಾಚುತ್ತಿದ್ದೆ. ಒಂದು ಜಡೆ ಆಗಿತ್ತು, ಇನ್ನೊಂದು ಅರ್ಧದಲ್ಲಿತ್ತು. ಅವಳ ಭುಜ ನನ್ನ ಕೈಯಡಿಯಲ್ಲಿ ಬಿಗಿದುಕೊಂಡದ್ದು ತಿಳಿಯಿತು. ರಾತ್ರಿ ಮಲಗಿದ ಮೇಲೂ ಅವಳು ಹೊರಳಾಡಿದ್ದಳು. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ತನಗೆ ತಾನೇ ಏನೋ ಹೇಳಿಕೊಂಡಿದ್ದಳು. ನಾನು ನೋಡಿದ್ದೆ, ಕೇಳಿರಲಿಲ್ಲ. ಈಗಲೂ ಬಾಚಣಿಗೆ ಹಿಡಿದು ಸುಮ್ಮನಿದ್ದೆ. ಒಂದು ಮಾತು ಅಂದು ಅವಳನ್ನು ತಡೆಯಬಹುದಿತ್ತು. ಅಪ್ಪನಿಗೆ ಹೊತ್ತಾಯಿತು, ಸುಮ್ಮನಿರು, ಸಂಜೆ ಕೇಳು ಎನ್ನಬಹುದಿತ್ತು. ಅವಳನ್ನು ಸುಮ್ಮನಿರಿಸಿದರೆ ನಮ್ಮ ಪ್ರಯಾಣ ಉಳಿಯುತ್ತದೆ ಎಂದು ನನ್ನೊಳಗೆ ಯಾರೋ ಪಿಸುಗುಟ್ಟುತ್ತಲೂ ಇದ್ದರು. ನಾನು ಅವಳ ಕೂದಲನ್ನು ಬಿಟ್ಟೆ.

ಅವಳು ಅರ್ಧ ಜಡೆಯಲ್ಲೇ ಎದ್ದು ಹೋಗಿ ಅಪ್ಪನ ಮುಂದೆ ನಿಂತಳು. ಇವರು ಲೇಸಿನ ಗಂಟು ಹಿಡಿದುಕೊಂಡೇ ತಲೆ ಎತ್ತಿದರು. ಮುಖಕ್ಕೆ ಮುಖ ಸರಿಯಾಗಿತ್ತು.

“ಏನಮ್ಮ?”

ಅವಳು ಒಮ್ಮೆ ನನ್ನ ಕಡೆ ತಿರುಗಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಅವಳು ಉಸಿರೆಳೆದುಕೊಂಡಳು.

“ಅಪ್ಪಾ, ನೀನು ಹೇಳದೆ ಇರೋದಕ್ಕೇನಾ ನಮ್ಮನ್ನ ಅಲ್ಲಿಗೆ ಕಳಿಸ್ತಿರೋದು?”